ಮಾಡು ಬಿಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ. ಮಳೆಗಾಲ ಹಿಡಿಯುವ ಮೊದಲು ಮನೆ ರಿಪೇರಿ ಮುಗಿಸಬೇಕು ಅಂತ ಓಡಾಡುತ್ತಿರುವವರಿಗೆ ಇವತ್ತಿನ ಮಾತು. ಸಿವಿಲ್ ಎಂಜಿನಿಯರ್ ಆಗಿ ಕೊಡಗಿನ ಬಹಳ ಮನೆಗಳ ಮಾಡು, ಅಂದರೆ ಚಾವಣಿ, ಹತ್ತಿ ಇಳಿದಿದ್ದೇನೆ. ನಾನು ಹೇಳುವುದು ಒಂದೇ. ಕೆಲಸ ಮುಂದೆ, ದುಡ್ಡು ಹಿಂದೆ.

ಅಡ್ವಾನ್ಸ್ ಇಲ್ಲದೆ ಯಾರು ಬರುತ್ತಾರೆ ಸಾರ್ ಅಂತ ಕೇಳುತ್ತೀರಿ. ಕೊಡಿ. ಒಂದು ವಾರದ ಕೂಲಿಯಷ್ಟು ಕೊಡಿ. ಅರ್ಧಕ್ಕರ್ಧ ಕೊಡಬೇಡಿ.

ನಾಪೋಕ್ಲು ಕಡೆಯ ಒಂದು ಮನೆ. ಹಳೇ ಹಂಚಿನ ಮಾಡು, ಹಂಚು ಹೊರುವ ಮರದ ಪಕ್ಕಾಸುಗಳಿಗೆ ಗೆದ್ದಲು. ಮಾರ್ಚಿ ತಿಂಗಳು. ಕಂಟ್ರಾಕ್ಟರ್ ಅರ್ಧಕ್ಕಿಂತ ಜಾಸ್ತಿ ದುಡ್ಡು ಇಸಿದುಕೊಂಡ. ಮಾರನೇ ದಿನವೇ ಆರು ಜನ ಬಂದರು, ಸಂಜೆಯೊಳಗೆ ಅಷ್ಟೂ ಹಂಚು ಇಳಿಸಿ ಕಾಫಿ ಕಣದ ಅಂಚಿಗೆ ಜೋಡಿಸಿದರು. ಎಂಥಾ ಚುರುಕು ಅಂತ ಮನೆಯವರಿಗೆ ಖುಷಿ. ಆಮೇಲೆ ಯಾರೂ ಬರಲಿಲ್ಲ. ಫೋನ್ ಮಾಡಿದರೆ, "ಮರ ಕೊಯ್ಯುತ್ತಾ ಇದ್ದಾರೆ ಅಕ್ಕಾ, ನಾಳೆ ಬಂದೇ ಬರುತ್ತೇನೆ." ಆ ದುಡ್ಡಲ್ಲಿ ಅವನು ಬೇರೆ ಮನೆಗೆ ಸಿಮೆಂಟ್ ಇಳಿಸಿದ್ದ. ಆ ಮನೆಯವರ ಅಡ್ವಾನ್ಸ್ ಅದಕ್ಕೂ ಹಿಂದಿನ ಮನೆಗೆ ಹೋಗಿತ್ತು. ಮೂರು ಕಡೆ ಕೆಲಸ ಹಿಡಿದವನು ಬಾಕಿ ದುಡ್ಡು ಎಲ್ಲಿ ದೊಡ್ಡದೋ ಅಲ್ಲಿಗೆ ಹೋಗುತ್ತಾನೆ. ಇಲ್ಲಿ ಅವನಿಗೆ ಬರಬೇಕಾದದ್ದು ಎಷ್ಟು ಉಳಿದಿತ್ತು ಹೇಳಿ?

ಅಷ್ಟರಲ್ಲಿ ಕಾಫಿ ಹೂವು ಅರಳಿಸುವ ಹೂಮಳೆ ಬಂತು. ಊರಿಗೆಲ್ಲ ಬೇಕಿದ್ದ ಮಳೆ, ಆ ಮನೆಗೆ ಮಾತ್ರ ಬೇಡವಾಗಿತ್ತು. ಟಾರ್ಪಾಲು ಗಾಳಿಗೆ ಕಿತ್ತು ಹೋಯಿತು. ರೇಟು ಬರಲಿ ಅಂತ ಅಟ್ಟದಲ್ಲಿ ಇಟ್ಟಿದ್ದ ಕರಿಮೆಣಸಿನ ಚೀಲಗಳು ತೊಯ್ದವು. ನಾನು ಹೋದಾಗ ಆ ಅಕ್ಕ ಮೆಣಸನ್ನು ಚಾಪೆ ಮೇಲೆ ಹರಡಿ, ಬಿಳಿ ಬೂಸ್ಟು ಹಿಡಿದ ಕಾಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಒಂದು ವರ್ಷದ ಬೆಳೆ ಅದು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಆದ್ದರಿಂದ ಹೊಸ ಪಕ್ಕಾಸು, ಅದರ ಮೇಲೆ ಹೊಡೆಯುವ ರೀಪು ಪಟ್ಟಿ ಅಂಗಳಕ್ಕೆ ಬಂದು ಬೀಳುವ ತನಕ ಒಂದೇ ಒಂದು ಹಂಚು ಇಳಿಸಲು ಬಿಡಬೇಡಿ. ಮರ, ಸಿಮೆಂಟ್ ನೀವೇ ಕೊಂಡುಕೊಳ್ಳಿ, ಬಿಲ್ಲು ನಿಮ್ಮ ಹೆಸರಲ್ಲಿರಲಿ. ಪಕ್ಕಾಸು ಕೂತ ಮೇಲೆ ಒಂದು ಕಂತು, ಹಂಚು ಹೊದೆಸಿದ ಮೇಲೆ ಇನ್ನೊಂದು. ಹತ್ತರಲ್ಲಿ ಒಂದು ಪಾಲು ಕೈಯಲ್ಲೇ ಇರಲಿ. ಒಂದು ಜೋರು ಮಳೆ ಬಂದು, ಒಳಗೆ ಸೋರದಿದ್ದರೆ ಆಗ ಕೊಡಿ. ಇದನ್ನೆಲ್ಲ ಕೆಲಸಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗುರುತಿನವನು, ಹೇಗೆ ಕೇಳುವುದು ಅಂತ ಸಂಕೋಚ ಬೇಡ. ಗುರುತಿನವನ ಹತ್ತಿರವೂ ಕೆಲಸ ಮುಂದೆ, ದುಡ್ಡು ಹಿಂದೆ.

ಸಮಯ ಆಗುತ್ತಾ ಬಂತು, ಇನ್ನೊಂದು ಬೇಗ ಹೇಳಿಬಿಡುತ್ತೇನೆ. ಈಗಾಗಲೇ ದುಡ್ಡು ಕೊಟ್ಟು ಕೂತವರು ಸುಮ್ನೆ ಫೋನ್ ಮಾಡುತ್ತಾ ಇರಬೇಡಿ. ದಿನಾಂಕ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಸಮಯ ಇದೆ. ನೀವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಲೂ ಇಲ್ಲ. ಬರೆದ ಹಾಳೆ, ದುಡ್ಡು ಕೊಟ್ಟ ದಾಖಲೆ, ಅರ್ಧ ಬಿಟ್ಟ ಕೆಲಸದ ಫೋಟೋ ತಗೊಂಡು ಹೋಗಿ. ನಮಸ್ಕಾರ.