ಹಳೆಯ ಸೊಂಟನೋವಿಗೆ ತಂಡದ ಚಿಕಿತ್ಸೆ

ಕೇಳುಗರಿಗೆ ನಮಸ್ಕಾರ.

ಸೊಂಟನೋವು ಶುರುವಾಗಿ ಮೂರು ತಿಂಗಳು ದಾಟುವಷ್ಟರಲ್ಲಿ ಮನುಷ್ಯ ನಾಲ್ಕು ಕಡೆ ತೋರಿಸಿಕೊಂಡಿರುತ್ತಾನೆ. ಒಬ್ಬರು ಬಗ್ಗಲೇಬೇಡಿ ಎಂದಿರುತ್ತಾರೆ, ಇನ್ನೊಬ್ಬರು ಬೆಲ್ಟ್ ಬರೆದುಕೊಟ್ಟಿರುತ್ತಾರೆ, ಮತ್ತೊಬ್ಬರು ಬಗ್ಗುವ ವ್ಯಾಯಾಮವನ್ನೇ ಹೇಳಿಕೊಟ್ಟಿರುತ್ತಾರೆ. ಯಾವುದು ಸರಿ ಎಂದು ತೋಚದೆ ಆತ ಹಾಸಿಗೆ ಹಿಡಿಯುತ್ತಾನೆ. ತಂಡದ ಚಿಕಿತ್ಸೆ ಬೇಕಾಗುವುದು ಇಲ್ಲಿ. ವೈದ್ಯರು, ಫಿಸಿಯೋಥೆರಪಿಸ್ಟ್, ಮನಃಶಾಸ್ತ್ರಜ್ಞರು ಒಂದೇ ಯೋಜನೆ ಹಾಕಿ, ರೋಗಿಗೆ ಒಂದೇ ಮಾತು ಹೇಳಬೇಕು. ಮೂವರೂ ಬೇರೆ ಬೇರೆ ಚೀಟಿ ಬರೆದರೆ ಅದು ತಂಡವಲ್ಲ.

ವೈದ್ಯರ ಮೊದಲ ಕೆಲಸ ಅಪಾಯದ ಲಕ್ಷಣ ಹುಡುಕುವುದು. ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿ ಜೋಮು ಹಿಡಿಯುವುದು, ಕಾಲಿನ ಬಲ ಕುಂದುತ್ತಾ ಹೋಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದರೆ, ಜೋರಾಗಿ ಬಿದ್ದಿದ್ದರೆ, ಅದನ್ನೂ ಕೇಳಿ ತಿಳಿಯಬೇಕು.

ಇವು ಯಾವುವೂ ಇಲ್ಲದವರೇ ಹೆಚ್ಚು. ಅವರಿಗೆ ಎಂಆರ್‌ಐ ವರದಿಯೇ ಭಯ ಹುಟ್ಟಿಸುತ್ತದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20ರ ಹರೆಯದವರಲ್ಲೇ ಶೇಕಡ 30ರಷ್ಟು ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. 80 ವರ್ಷದವರಲ್ಲಿ ಅದು ಶೇಕಡ 84. ‘ಡಿಸ್ಕ್ ಸವೆದಿದೆ’ ಎಂದಷ್ಟೇ ಹೇಳಿ ಕಳಿಸಿದರೆ ರೋಗಿ ಬಗ್ಗಲು ಹೆದರುತ್ತಾರೆ, ಹೆದರಿ ಸ್ನಾಯು ಬಿಗಿಹಿಡಿಯುತ್ತಾರೆ, ಬಿಗಿಹಿಡಿದಷ್ಟೂ ನೋವು ಹೆಚ್ಚುತ್ತದೆ. ವರದಿಯ ಅರ್ಥವನ್ನು ಕೂರಿಸಿಕೊಂಡು ಬಿಡಿಸಿ ಹೇಳುವುದೂ ಚಿಕಿತ್ಸೆಯೇ.

ಇನ್ನು ಚಟುವಟಿಕೆ. ಬಹಳಷ್ಟು ಜನ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೋವು ಕಡಿಮೆಯಾದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸಿ, ಮುಂದಿನ ಎರಡು ದಿನ ಮಲಗುವುದು ರೂಢಿ. ಇದರ ಬದಲು ಗಡಿಯಾರ ನೋಡಿ ನಡೆಯಿರಿ. ಮೂರು ದಿನ, ನೋವು ಏರುವ ಮೊದಲು ಎಷ್ಟು ನಿಮಿಷ ನಡೆಯಲಾಯಿತು ಎಂದು ಬರೆದಿಡಿ. 10, 14, 12 ಎಂದಿಟ್ಟುಕೊಳ್ಳಿ, ಸರಾಸರಿ 12. ಅದಕ್ಕಿಂತ ತುಸು ಕಡಿಮೆ, ಅಂದರೆ 10 ನಿಮಿಷದಿಂದ ಶುರುಮಾಡಿ. ವಾರಕ್ಕೆ ಒಂದೊಂದು ನಿಮಿಷ ಏರಿಸಿ. ನೋವಿಲ್ಲದ ದಿನವೂ ಹೆಚ್ಚು ಬೇಡ, ನೋವಿರುವ ದಿನವೂ ಪೂರ್ತಿ ನಿಲ್ಲಿಸುವುದು ಬೇಡ. ಹೊಸದಾಗಿ ಶುರುಮಾಡಿದಾಗ ಸ್ನಾಯು ಒಂದೆರಡು ದಿನ ನೋಯುವುದು ಸಹಜ, ಅದು ಬೆನ್ನು ಕೆಟ್ಟ ಗುರುತಲ್ಲ. ಇದರ ಜೊತೆಗೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಊರಿ ಸೊಂಟವನ್ನು ಮೇಲೆತ್ತಿ 5 ಸೆಕೆಂಡು ಹಿಡಿದು ಇಳಿಸುವುದು, 8ರಿಂದ 10 ಬಾರಿ. ಉಸಿರು ಕಟ್ಟಬಾರದು.

ಮನಃಶಾಸ್ತ್ರಜ್ಞರ ಹತ್ತಿರ ಹೋಗಿ ಎಂದರೆ ‘ನನ್ನ ನೋವು ಸುಳ್ಳೇ?’ ಎಂದು ನೊಂದುಕೊಳ್ಳುವವರಿದ್ದಾರೆ. ನೋವು ಖಂಡಿತ ನಿಜ. ಆದರೆ ನಿದ್ದೆಗೇಡು, ಭಯ, ದುಡಿಮೆ ಹೋದ ಚಿಂತೆ ಅದನ್ನು ಉಲ್ಬಣಿಸುತ್ತವೆ. ಅವರು ಮಾಡಿಸುವ ಒಂದು ಅಭ್ಯಾಸ ಹೀಗಿದೆ: ಭಯವಾಗುವ ಕೆಲಸಗಳನ್ನೆಲ್ಲ ಬರೆದು ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುವುದು. ಚಪ್ಪಲಿ ಎತ್ತಿಕೊಳ್ಳಲು ಮೂರು, ತುಂಬಿದ ಬಿಂದಿಗೆಗೆ ಒಂಬತ್ತು. ಕಡಿಮೆ ಅಂಕದ್ದನ್ನು ಮೊದಲು, ಫಿಸಿಯೋಥೆರಪಿಸ್ಟ್ ಎದುರಲ್ಲೇ ಮಾಡಿಸುತ್ತಾರೆ. ಬಿಂದಿಗೆಯ ಸರದಿ ಬಂದಾಗ ಕಾಲು ಭಾಗ ನೀರಿನಿಂದ ಆರಂಭ.

ಮಾತ್ರೆಯ ಪಾತ್ರ ಚಿಕ್ಕದು. ನೋವುನಿವಾರಕಗಳನ್ನು ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ, ಅದೂ ಮೂತ್ರಪಿಂಡ, ಹೊಟ್ಟೆಹುಣ್ಣು, ರಕ್ತದೊತ್ತಡ ವಿಚಾರಿಸಿಯೇ ಕೊಡಬೇಕು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮ, ತಿಳಿವಳಿಕೆ, ಮನಶ್ಶಾಸ್ತ್ರೀಯ ನೆರವುಗಳನ್ನು ಶಿಫಾರಸು ಮಾಡುತ್ತದೆ. ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಫೀಮು ವರ್ಗದ ಔಷಧಗಳನ್ನು ವಾಡಿಕೆಯಂತೆ ಕೊಡಬಾರದು ಎನ್ನುತ್ತದೆ. ಬೆಲ್ಟ್ ಮಾರಾಟವೇನೂ ಇದರಿಂದ ನಿಂತಿಲ್ಲ, ಅದು ಬೇಸರದ ಸಂಗತಿ.

ದೊಡ್ಡ ಊರಿನಲ್ಲಷ್ಟೇ ತಂಡದ ಚಿಕಿತ್ಸೆ ಸಾಧ್ಯ ಎಂದುಕೊಳ್ಳಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮ ಗುರಿ ಮೊದಲ ಪುಟದಲ್ಲಿರಲಿ: ‘ಒಂದು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರಬೇಕು’, ‘ಸಂತೆಗೆ ನಡೆದು ಹೋಗಬೇಕು’, ಹೀಗೆ. ವೈದ್ಯರೂ ಫಿಸಿಯೋಥೆರಪಿಸ್ಟರೂ ಅದೇ ಪುಸ್ತಕದಲ್ಲಿ ಬರೆಯಲಿ, ಒಬ್ಬರದ್ದನ್ನು ಇನ್ನೊಬ್ಬರು ಓದಲಿ. ಮನೆಯವರೊಬ್ಬರು ಒಮ್ಮೆಯಾದರೂ ಜೊತೆಗೆ ಬರಲಿ, ಏಕೆಂದರೆ ‘ನೀವು ಸುಮ್ಮನೆ ಮಲಗಿರಿ’ ಎನ್ನುವವರು ಸಾಮಾನ್ಯವಾಗಿ ಪ್ರೀತಿಯ ಮನೆಯವರೇ. ಆರು ವಾರಕ್ಕೊಮ್ಮೆ ಎಲ್ಲರೂ ಪುಟ ತಿರುವಿ ನೋಡಬೇಕು. ಆಗ ನೋವು ಎಷ್ಟಿದೆ ಎಂಬುದನ್ನಷ್ಟೇ ಕೇಳದೆ, ಎಷ್ಟು ಹೊತ್ತು ಕೂತಿರಿ, ಎಷ್ಟು ದೂರ ನಡೆದಿರಿ, ಎಷ್ಟು ದಿನ ಕೆಲಸಕ್ಕೆ ಹೋದಿರಿ ಎಂದೂ ಕೇಳಬೇಕು. ಇವು ಏರದಿದ್ದರೆ ಯೋಜನೆಯನ್ನು ಬದಲಿಸಬೇಕು.

ನಮಸ್ಕಾರ.