ಮೊದಲ ಕಾರಿಗೆ ಆರನೇ ನಂಬರ್

ನಮಸ್ಕಾರ. ಉಡುಪಿಯಿಂದ ಮಾತಾಡುತ್ತಿದ್ದೇನೆ. ಮಳೆ ಜೋರಾಗಿದೆ. ಮಧ್ಯೆ ಮಧ್ಯೆ ತಗಡಿನ ಶೀಟಿನ ಸದ್ದು ಕೇಳಿಸಿದರೆ ಸ್ವಲ್ಪ ಹೊಂದಿಸಿಕೊಳ್ಳಿ.

ಇವತ್ತು ನನ್ನದೊಂದು ತಕರಾರು ಉಂಟು. ತುಂಬಾ ದಿನದಿಂದ ಹೇಳಬೇಕು ಅಂದುಕೊಂಡಿದ್ದು. ವಿಲಿಯಮ್ಸ್ ಅನ್ನುವ ಕಾರ್ ರೇಸ್ ತಂಡದ ಬಗ್ಗೆ.

ಫಾರ್ಮುಲಾ ಒನ್ ನೋಡುವವರಿಗೆ ಈ ಹೆಸರು ಹೊಸತಲ್ಲ. 114 ರೇಸ್ ಗೆದ್ದ ತಂಡ. ತಂಡಗಳ ಚಾಂಪಿಯನ್‌ಶಿಪ್ 9 ಸಲ, ಡ್ರೈವರ್‌ಗಳದ್ದು 7 ಸಲ. ಆ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ತಕರಾರು ಇರುವುದು ಆ ತಂಡ ಹುಟ್ಟಿದ ವರ್ಷದ ಬಗ್ಗೆ.

ತಂಡದ ಲೆಕ್ಕ ಶುರುವಾಗುವುದು 1977ರಿಂದ. 2017ರಲ್ಲಿ 40 ವರ್ಷ ಆಯಿತು ಅಂತ ಸಂಭ್ರಮ ಮಾಡಿದರು. ಹಿಂದಿನ ವರ್ಷದ ಕಾರಿನ ಹೆಸರು ಎಫ್‌ಡಬ್ಲ್ಯು 38. ಮುಂದಿನದ್ದು 39 ಆಗಬೇಕಿತ್ತು ಅಲ್ವಾ? ಆಗಲಿಲ್ಲ. 39ನ್ನು ಹಾರಿಸಿ ಎಫ್‌ಡಬ್ಲ್ಯು 40 ಅಂತ ಹೆಸರಿಟ್ಟರು, 40 ವರ್ಷಕ್ಕೆ ಹೊಂದಲಿ ಅಂತ.

ಈಗ ಇದನ್ನು ಕೇಳಿ. 1977ರಲ್ಲಿ ಹುಟ್ಟಿದ ಆ ಕಂಪನಿ ಸ್ವಂತವಾಗಿ ಕಟ್ಟಿದ ಮೊದಲ ಕಾರು ಎಫ್‌ಡಬ್ಲ್ಯು 06. ಮೊದಲ ಕಾರಿಗೆ ಆರನೇ ನಂಬರ್! ಎಫ್‌ಡಬ್ಲ್ಯು ಅಂದರೆ ಫ್ರಾಂಕ್ ವಿಲಿಯಮ್ಸ್, ತಂಡ ಕಟ್ಟಿದವರು. ಹಾಗಾದರೆ ಒಂದರಿಂದ ಐದರ ತನಕ ಎಲ್ಲಿ ಹೋಯಿತು? ನನ್ನ ಇವತ್ತಿನ ಮಾತು ಅಷ್ಟೂ ಆ ಐದು ನಂಬರಿನ ಬಗ್ಗೆ, ಅದಕ್ಕೂ ಮುಂಚಿನ ಒಬ್ಬ ಹುಡುಗನ ಬಗ್ಗೆ.

ಫ್ರಾಂಕ್ ಹುಟ್ಟಿದ್ದು 1942ರಲ್ಲಿ, ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ. ಅಂಗಡಿ ಅಂಗಡಿಗೆ ಹೋಗಿ ಸೂಪಿನ ಡಬ್ಬಿ ಮಾರುವ ಕೆಲಸ ಮಾಡಿದವರು. ಸಣ್ಣ ರೇಸ್‌ಗಳಲ್ಲಿ ಸ್ವತಃ ಕಾರು ಓಡಿಸಿದರು, ಮೆಕ್ಯಾನಿಕ್ ಆದರು. ತಾನು ದೊಡ್ಡ ಡ್ರೈವರ್ ಆಗುವುದಿಲ್ಲ ಅಂತ ಗೊತ್ತಾಯಿತು. 1966ರಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದರು. ರೇಸ್ ಕಾರು, ಬಿಡಿಭಾಗ ಕೊಳ್ಳುವುದು, ಮಾರುವುದು. ಗೆಳೆಯ ಪಿಯರ್ಸ್ ಕರೇಜ್‌ಗೆ ರೇಸ್ ಓಡಿಸಲು ಕಾರು ಕೊಡುವುದು. ಪಿಯರ್ಸ್ ದೊಡ್ಡ ಬಿಯರ್ ಕಂಪನಿಯ ಮನೆತನದವರು. ಇಬ್ಬರಿಗೂ ಒಂದೇ ವಯಸ್ಸು.

ಕೈಯಲ್ಲಿ ದುಡ್ಡಿಲ್ಲದವರು ಫಾರ್ಮುಲಾ ಒನ್‌ಗೆ ಬಂದದ್ದಾದರೂ ಹೇಗೆ? ಅದಕ್ಕೆ ಕಾರಣ ಒಂದು ಎಂಜಿನ್. ಕಾಸ್‌ವರ್ತ್ ಡಿಎಫ್‌ವಿ. 3 ಲೀಟರ್, ಎಂಟು ಸಿಲಿಂಡರ್. ಇದನ್ನು ಮಾಡಿಸಲು ಫೋರ್ಡ್ ಕಂಪನಿ ಕೊಟ್ಟದ್ದು 1 ಲಕ್ಷ ಪೌಂಡ್. 1967ರಲ್ಲಿ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಮೊದಲ ಸಲ ಓಡಿತು, ಮೊದಲ ರೇಸಿನಲ್ಲೇ ಜಿಮ್ ಕ್ಲಾರ್ಕ್ ಗೆದ್ದರು. ಆ ವರ್ಷ ಲೋಟಸ್ ತಂಡಕ್ಕೆ ಮಾತ್ರ ಕೊಟ್ಟರು. 1968ರಿಂದ ಬೇರೆಯವರಿಗೂ ಮಾರಿದರು. ಅಲ್ಲಿಗೆ ಬಾಗಿಲು ತೆರೆಯಿತು. ಎಂಜಿನ್ ದುಡ್ಡು ಕೊಟ್ಟರೆ ಸಿಗುತ್ತದೆ. ಗೇರ್‌ಬಾಕ್ಸ್ ಹ್ಯೂಲ್ಯಾಂಡ್ ಅವರಲ್ಲಿ ಸಿಗುತ್ತದೆ. ಫೆರಾರಿಯ ಹಾಗೆ ಎಲ್ಲವನ್ನೂ ತಾನೇ ಮಾಡಬೇಕಿಲ್ಲ. ಕಾರಿನ ಬಾಡಿ ಒಂದನ್ನು ಹೊಂದಿಸಿದರೆ ಸಾಕು.

ಫ್ರಾಂಕ್ ಹೊಂದಿಸಿದರು. ಹಿಂದಿನ ವರ್ಷದ ಮಾದರಿಯ ಬ್ರಾಭಂ ಕಾರು, ಅದಕ್ಕೆ ಡಿಎಫ್‌ವಿ. 1969ರ ಮೊನಾಕೊ. ಗ್ರಹಾಂ ಹಿಲ್ ಅಲ್ಲಿ ಐದನೇ ಸಲ ಗೆದ್ದ ದಿನ ಅದು. ಎರಡನೇ ಸ್ಥಾನ ಯಾರಿಗೆ ಗೊತ್ತಾ? ಪಿಯರ್ಸ್ ಕರೇಜ್‌ಗೆ. ಕಾರು ಮಾಡಿದ ಬ್ರಾಭಂ ತಂಡದ ಎರಡೂ ಕಾರುಗಳು ಆ ದಿನ ಕೊನೆಯ ತನಕ ಓಡಲಿಲ್ಲ. ಅವರಿಂದ ಕೊಂಡ ಮಾದರಿ ಎರಡನೆಯದಾಗಿ ಬಂತು. ಅದೇ ವರ್ಷ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಮತ್ತೊಮ್ಮೆ ಎರಡನೇ ಸ್ಥಾನ. ಈ ವಾಟ್ಕಿನ್ಸ್ ಗ್ಲೆನ್ ಹೆಸರು ನೆನಪಿಟ್ಟುಕೊಳ್ಳಿ. ಆಮೇಲೆ ಬೇಕು.

ಇದು ಫ್ರಾಂಕ್ ಅವರ ಮೊದಲ ಫಾರ್ಮುಲಾ ಒನ್ ವರ್ಷ. ಈ ಎರಡೂ ಎರಡನೇ ಸ್ಥಾನ ಇವತ್ತಿನ ವಿಲಿಯಮ್ಸ್ ತಂಡದ ಲೆಕ್ಕದಲ್ಲಿ ಇಲ್ಲ.

1970ಕ್ಕೆ ಇಟಲಿಯ ಡೆ ತೊಮಾಸೊ ಕಾರು ಕಂಪನಿ ಜೊತೆ ಸೇರಿದರು. ಕಾರಿನ ವಿನ್ಯಾಸ ಜಾನ್ ಪಾವ್ಲೊ ದಲ್ಲಾರ ಅವರದ್ದು. ಕಾರು ಭಾರ ಜಾಸ್ತಿ. ಸುಧಾರಿಸುತ್ತಾ ಇತ್ತು. ಜೂನ್ 21, ಜಾಂಡ್‌ವೂರ್ಟ್. ನಮ್ಮ ಮಲ್ಪೆಯ ಹಾಗೆ ಕಡಲಿಗೆ ತಾಗಿದ ಊರು ಅದು. ಮರಳು ದಿಬ್ಬಗಳ ನಡುವೆ ಟ್ರ್ಯಾಕ್. ಡಿಎಫ್‌ವಿ ಮೊದಲು ಗೆದ್ದ ಅದೇ ಟ್ರ್ಯಾಕ್. ಪಿಯರ್ಸ್ ಕಾರು ದಾರಿ ಬಿಟ್ಟು ದಿಬ್ಬಕ್ಕೆ ನುಗ್ಗಿತು. ಬೆಂಕಿ ಹತ್ತಿತು. ಕಾರಿನಲ್ಲಿ ಮೆಗ್ನೀಸಿಯಂ ಇತ್ತು. ಅದಕ್ಕೆ ಬೆಂಕಿ ಹಿಡಿದರೆ ಆರಿಸುವುದು ಎಷ್ಟು ಕಷ್ಟ ಅಂತ ಶಾಲೆಯ ಲ್ಯಾಬಿನಲ್ಲಿ ಆ ಬಿಳಿ ಬೆಳಕು ನೋಡಿದವರಿಗೆ ಗೊತ್ತು. ಪಿಯರ್ಸ್‌ಗೆ ಆಗ 28 ವರ್ಷ. ರೇಸ್ ಗೆದ್ದದ್ದು ಅವರ ಗೆಳೆಯ ಯೋಖೆನ್ ರಿಂಟ್. ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಜಾದಲ್ಲಿ ರಿಂಟ್ ಕೂಡ ಹೋದರು.

ಅಲ್ಲಿಗೆ ಫ್ರಾಂಕ್ ಬಿಟ್ಟು ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬಿಡಲಿಲ್ಲ.

ಮುಂದಿನ ಐದು ವರ್ಷ ಬರೀ ಪರದಾಟ. 1971ರಲ್ಲಿ ಮಾರ್ಚ್ ಕಂಪನಿಯಿಂದ ಕೊಂಡ ಕಾರು. 1972ರಲ್ಲಿ ಮೊದಲ ಸ್ವಂತ ಕಾರು. ಪೊಲಿಟಾಯ್ಸ್ ಅಂತ ಇಟಲಿಯ ಆಟಿಕೆ ಕಾರಿನ ಕಂಪನಿ ದುಡ್ಡು ಕೊಟ್ಟಿತ್ತು, ಹಾಗಾಗಿ ಕಾರಿಗೂ ಅದೇ ಹೆಸರು. ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಮೊದಲ ರೇಸ್. ಆಂರಿ ಪೆಸ್ಕರೊಲೊ ಓಡಿಸಿದರು. ಶುರುವಿನಲ್ಲೇ ಗುದ್ದಿ ಜಜ್ಜಿ ಹೋಯಿತು. 1973, 74ರಲ್ಲಿ ಹೆಸರು ಇಸೊ ಮಾರ್ಲ್‌ಬೊರೊ. ದುಡ್ಡು ಕೊಟ್ಟವರ ಹೆಸರು ಕಾರಿಗೆ. ದುಡ್ಡು ನಿಂತ ಮೇಲೆ ಅದೇ ಕಾರುಗಳನ್ನು ಎಫ್‌ಡಬ್ಲ್ಯು ಅಂತ ಕರೆದರು. ಒಂದು, ಎರಡು, ಮೂರು ಬಂದದ್ದು ಅಲ್ಲಿಂದ.

ಬಿಲ್ ಕಟ್ಟದೆ ಆಫೀಸಿನ ಫೋನ್ ಕಟ್ ಆಗಿತ್ತು. ಫ್ರಾಂಕ್ ರಸ್ತೆ ಬದಿಯ ಟೆಲಿಫೋನ್ ಬೂತಿನಿಂದ ವ್ಯವಹಾರ ನಡೆಸಿದರು. ಇದನ್ನು ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ಗೆಳೆಯನ ಒಂದು ಹಳೆಯ ಜಿಪ್ಸಿಯನ್ನು ಆಟೊಕ್ರಾಸ್‌ಗೆ, ಅಂದರೆ ಮಣ್ಣಿನ ಟ್ರ್ಯಾಕಿನ ರೇಸಿಗೆ, ರೆಡಿ ಮಾಡಿದೆವು. ಸಂತೆಕಟ್ಟೆ ಕಡೆ ಬಾಡಿಗೆಗೆ ಹಿಡಿದ ಶೆಡ್. ಒಂದು ಸಂಸ್ಥೆ ಖರ್ಚು ಕೊಡುತ್ತೇವೆ ಅಂತ ಮಾತು ಕೊಟ್ಟಿತ್ತು. ಅವರ ಹೆಸರನ್ನು ಜಿಪ್ಸಿಯ ಬಾನೆಟ್ಟಿಗೆ ಅಂಟಿಸಿದೆವು, ಟೂಲ್ ಬಾಕ್ಸಿನ ಮುಚ್ಚಳಕ್ಕೂ ಅಂಟಿಸಿದೆವು. ಟಯರ್ ಸಾಲದಲ್ಲಿ ತಂದೆವು. ಬೈಕಂಪಾಡಿಯ ಲೇತ್ ಅಂಗಡಿಯಲ್ಲಿ ಸಸ್ಪೆನ್ಷನ್ ಬುಷ್ ಕಡೆಸಿದೆವು, ಅದೂ ಸಾಲ. ರೇಸ್ ಮುಗಿಯಿತು. ದುಡ್ಡು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಲೇತ್ ಅಂಗಡಿಯವರು ಮಾತ್ರ ದಿನಾ ಫೋನ್ ಮಾಡುತ್ತಿದ್ದರು, ಜೋರು ಮಾಡದೆ, "ಎಂತ ಆಯ್ತು ಮಾರಾಯ್ರೆ" ಅಂತ. ಆ ಮೆತ್ತಗಿನ ಮಾತೇ ಜಾಸ್ತಿ ನೋಯಿಸುತ್ತದೆ. ಗೆಳೆಯ ತನ್ನ ಬೈಕ್ ಮಾರಿ ಅವರ ಬಾಕಿ ತೀರಿಸಿದ.

ಮರುವರ್ಷ ಬೇರೆಯವರು ದುಡ್ಡು ಕೊಟ್ಟರು. ಮೊದಲೇ ಕೊಟ್ಟರು. ಟೂಲ್ ಬಾಕ್ಸಿನ ಮೇಲಿನ ಹಳೆ ಸ್ಟಿಕ್ಕರ್ ಕೀಳಲು ಕೂತೆವು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಪೂರ್ತಿ ಬರಲಿಲ್ಲ. ಅಂಚು, ಎರಡು ಅಕ್ಷರದ ಬಾಲ, ಅಂಟಿಗೆ ಕಚ್ಚಿದ ಕೆಂಪು ಧೂಳು ಉಳಿಯಿತು. ಅದರ ಮೇಲೆಯೇ ಹೊಸದನ್ನು ಅಂಟಿಸಿದೆವು. ಒಳಗಿನ ಸ್ಪ್ಯಾನರ್ ಅದೇ. ಜಿಪ್ಸಿ ಅದೇ. ನಾವು ನಾಲ್ಕು ಜನ ಅದೇ. ಬ್ಯಾನರಿನಲ್ಲಿ ಮಾತ್ರ "ಹೊಸ ತಂಡ" ಅಂತ ಇತ್ತು.

ಹಾಗಾಗಿ ಪೊಲಿಟಾಯ್ಸ್, ಇಸೊ ಅಂತ ಓದುವಾಗ ನನಗೆ ಬೇರೆ ಬೇರೆ ತಂಡ ಕಾಣುವುದಿಲ್ಲ. ಒಂದೇ ಟೂಲ್ ಬಾಕ್ಸ್ ಕಾಣುತ್ತದೆ.

1975ರ ಆಗಸ್ಟ್. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್. ಒಂದು ಸುತ್ತು 22 ಕಿಲೋಮೀಟರಿಗಿಂತ ಉದ್ದ, ಕಾಡಿನ ನಡುವೆ. ಆ ದಿನ ಒಬ್ಬರಾದ ಮೇಲೆ ಒಬ್ಬರ ಟಯರ್ ಪಂಕ್ಚರ್. ಜಾಕ್ ಲಫಿಟ್ ಓಡಿಸುತ್ತಿದ್ದ ಎಫ್‌ಡಬ್ಲ್ಯು 04 ನಿಲ್ಲದೆ ಓಡಿ ಎರಡನೆಯದಾಗಿ ಬಂತು. ಬಹುಮಾನದ ದುಡ್ಡಿನಿಂದ ಉಸಿರು ಸ್ವಲ್ಪ ಹಿಂದೆ ಬಂತು. ಆದರೆ ಸಾಲ ಬೆಟ್ಟದಷ್ಟು.

ಆಗ ಬಂದವರು ವಾಲ್ಟರ್ ವುಲ್ಫ್, ತೈಲ ಉದ್ಯಮದಲ್ಲಿ ದುಡ್ಡು ಮಾಡಿದವರು. 60 ಶೇಕಡ ಪಾಲು ಕೊಂಡರು. ಹೆಸ್ಕೆತ್ ತಂಡದ ಕಾರುಗಳೂ ಬಂದವು. ಅದೇ ಹೆಸ್ಕೆತ್ ಕಾರು ಎಫ್‌ಡಬ್ಲ್ಯು 05 ಆಯಿತು. 1976 ಪೂರ್ತಿ ಸೋಲು. ವರ್ಷದ ಕೊನೆಗೆ ಮ್ಯಾನೇಜರ್ ಜಾಗಕ್ಕೆ ಲೋಟಸ್‌ನಿಂದ ಬೇರೆಯವರನ್ನು ತಂದರು. ಫ್ರಾಂಕ್ ತಾನು ಕಟ್ಟಿದ ಮನೆಯಲ್ಲಿ ತಾನೇ ಬಾಡಿಗೆದಾರ ಆದರು.

1977ರ ಜನವರಿ 9. ಅರ್ಜೆಂಟೀನಾ. ವಾಲ್ಟರ್ ವುಲ್ಫ್ ರೇಸಿಂಗ್ ಅನ್ನುವ ಹೊಸ ಹೆಸರಲ್ಲಿ ಆ ತಂಡದ ಮೊದಲ ರೇಸ್. ಜೋಡಿ ಶೆಕ್ಟರ್ ಗೆದ್ದೇಬಿಟ್ಟರು! ಫ್ರಾಂಕ್ ಎಂಟು ವರ್ಷ ಒದ್ದಾಡಿದರೂ ಸಿಗದ ಗೆಲುವು, ಅವರ ಹೆಸರು ತೆಗೆದ ಮೊದಲ ದಿನವೇ ಬಂತು. ಈ ಸಾಲು ಓದಿದಾಗೆಲ್ಲ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ.

ಫ್ರಾಂಕ್ ಹೊರಟರು. ಜೊತೆಗೆ ಪ್ಯಾಟ್ರಿಕ್ ಹೆಡ್ ಅನ್ನುವ ಯುವ ಎಂಜಿನಿಯರ್. ಡಿಡ್‌ಕಾಟ್ ಊರಿನಲ್ಲಿ ಖಾಲಿ ಬಿದ್ದ ಕಾರ್ಪೆಟ್ ಗೋದಾಮು ಹಿಡಿದರು. ವಿಲಿಯಮ್ಸ್ ಗ್ರ್ಯಾಂಡ್ ಪ್ರಿ ಎಂಜಿನಿಯರಿಂಗ್ ಅಂತ ಬೋರ್ಡ್. ಕಾರು ಮತ್ತೆ ಮಾರ್ಚ್ ಕಂಪನಿಯಿಂದ ಕೊಂಡದ್ದು. ಮೇ ತಿಂಗಳಲ್ಲಿ ಸ್ಪೇನ್, ಡ್ರೈವರ್ ಪ್ಯಾಟ್ರಿಕ್ ನೆವ್, 12ನೇ ಸ್ಥಾನ. ತಂಡದ ಲೆಕ್ಕ ಶುರುವಾಗುವುದು ಈ 12ನೇ ಸ್ಥಾನದಿಂದ.

ಕಾಗದದ ಪ್ರಕಾರ ಅವರು ಸರಿ. ಹಳೆ ಕಂಪನಿ ವುಲ್ಫ್ ಪಾಲಾಯಿತು. ಹೊಸದು ಬೇರೆ ಕಂಪನಿ, ಬೇರೆ ಪಾಲುದಾರರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕರಾವಳಿಯವರು ಇದನ್ನು ಬೇರೆ ತರ ನೋಡುತ್ತೇವೆ. ಯಕ್ಷಗಾನದ ಟೆಂಟ್ ಮೇಳಗಳು ಕಲೆಕ್ಷನ್ ಇಲ್ಲದೆ ಮುಚ್ಚಿದ್ದನ್ನು ಕಂಡವರು ನಾವು. ಮರುವರ್ಷ ಬೇರೆ ಹೆಸರಲ್ಲಿ ಅದೇ ಯಜಮಾನರು ಹೊರಟರೆ ಜನ ಬೋರ್ಡ್ ನೋಡಿ ನಿರ್ಧಾರ ಮಾಡುತ್ತಾರಾ? ಚೌಕಿಗೆ, ವೇಷ ಹಾಕುವ ಜಾಗಕ್ಕೆ, ಹೋಗುತ್ತಾರೆ. ಅದೇ ವೇಷದ ಪೆಟ್ಟಿಗೆ, ಅದೇ ಭಾಗವತರು ಕಂಡರೆ "ನಮ್ಮ ಅದೇ ಮೇಳ" ಅನ್ನುತ್ತಾರೆ. ಆಟದ ಲೆಕ್ಕ ಹಳೆಯದರಿಂದಲೇ.

ಫ್ರಾಂಕ್ ಕೂಡ ಹಾಗೇ ಎಣಿಸಿದರು ಅನ್ನುವುದಕ್ಕೆ ಆ ಆರನೇ ನಂಬರೇ ಸಾಕ್ಷಿ. ಎಫ್‌ಡಬ್ಲ್ಯು 05ನ್ನು ಅವರು ಕಟ್ಟಿರಲಿಲ್ಲ. ಅದು ಹೆಸ್ಕೆತ್ ಕಾರು, ಮಾಲೀಕತ್ವ ವುಲ್ಫ್ ಅವರದ್ದು, ಅದು ತಂದದ್ದು ಅವಮಾನ. ಮರೆಯಬೇಕು ಅಂತಿದ್ದರೆ ಮೊದಲು ಮರೆಯಬೇಕಾದ ಕಾರು ಅದು. ಹೊಸ ಗೋದಾಮಿನಲ್ಲಿ ಪ್ಯಾಟ್ರಿಕ್ ಹೆಡ್ ಹೊಸ ಕಾರು ಕಟ್ಟಿದಾಗ 01 ಅಂತ ಬರೆಯಲು ಯಾರೂ ಅಡ್ಡ ಬರುತ್ತಿರಲಿಲ್ಲ. ಬರೆದದ್ದು 06. ಆ ಸೋತ ಕಾರನ್ನೂ ಲೆಕ್ಕಕ್ಕೆ ಹಿಡಿದು ಬರೆದದ್ದು. ಹಾಗೆ ಎಣಿಸಿಕೊಂಡು ಬಂದ ಸಾಲಿನಲ್ಲಿ ಒಂದು ನಂಬರನ್ನು 2017ರಲ್ಲಿ 1977ಕ್ಕೋಸ್ಕರ ಹಾರಿಸಿದರು. ನನಗೆ ಅದು ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಆಮೇಲಿನದ್ದು ಬೇಗ ಹೇಳುತ್ತೇನೆ. ಸೌದಿ ಕಡೆಯ ದುಡ್ಡು ಬಂತು. ಅಲನ್ ಜೋನ್ಸ್ ಬಂದರು. 1979ರ ಜುಲೈ 14, ಸಿಲ್ವರ್‌ಸ್ಟೋನ್. ಜೋನ್ಸ್ ಮುಂದೆ ಓಡುತ್ತಿದ್ದರು, ನೀರು ಸೋರಿ ಎಂಜಿನ್ ಕಾಯಿತು, ನಿಂತರು. ಹಿಂದಿದ್ದ ಕ್ಲೇ ರೆಗಜೋನಿ ಎಫ್‌ಡಬ್ಲ್ಯು 07ರಲ್ಲಿ ಗೆದ್ದರು. ತಂಡದ ಮೊದಲ ಗೆಲುವು. ಸೌದಿ ಪ್ರಾಯೋಜಕರ ಮರ್ಯಾದೆಗೆ ರೆಗಜೋನಿ ಪೋಡಿಯಂನಲ್ಲಿ ಶಾಂಪೇನ್ ಮುಟ್ಟಲಿಲ್ಲ. ಮರುವರ್ಷ ಜೋನ್ಸ್ ಚಾಂಪಿಯನ್, ತಂಡವೂ ಚಾಂಪಿಯನ್.

2020ರಲ್ಲಿ ಕುಟುಂಬ ತಂಡವನ್ನು ಮಾರಿತು. 2021ರ ನವೆಂಬರ್‌ನಲ್ಲಿ ಫ್ರಾಂಕ್ ತೀರಿಕೊಂಡರು. ಈಗ ಲೆಕ್ಕ ಬರೆಯುವವರು ಬೇರೆ. ಅದಕ್ಕೇ ಈ ಮಾತನ್ನು ಈಗ ಹೇಳಬೇಕು ಅನ್ನಿಸಿದ್ದು.

ವಾಟ್ಕಿನ್ಸ್ ಗ್ಲೆನ್ ನೆನಪಿಟ್ಟುಕೊಳ್ಳಿ ಅಂದಿದ್ದೆ. ವಿಲಿಯಮ್ಸ್ ತಂಡದ ಮೊದಲ ಪೋಡಿಯಂ, ಅಂದರೆ ಮೊದಲ ಮೂರರೊಳಗಿನ ಸ್ಥಾನ, ಯಾವುದು ಅಂತ ದಾಖಲೆ ತೆಗೆದು ನೋಡಿ. 1978, ಅಮೆರಿಕ, ವಾಟ್ಕಿನ್ಸ್ ಗ್ಲೆನ್, ಅಲನ್ ಜೋನ್ಸ್, ಎರಡನೇ ಸ್ಥಾನ ಅಂತ ಇರುತ್ತದೆ. ಒಂಬತ್ತು ವರ್ಷ ಮುಂಚೆ ಅದೇ ಟ್ರ್ಯಾಕಿನಲ್ಲಿ, ಅದೇ ಡಿಎಫ್‌ವಿ ಎಂಜಿನ್ನಿನಲ್ಲಿ, ಅದೇ ಯಜಮಾನರ ಕಾರು ಅದೇ ಎರಡನೇ ಸ್ಥಾನಕ್ಕೆ ಬಂದಿತ್ತು.

ನಾನು ಒಂದು ನೋಟ್ ಪುಸ್ತಕದಲ್ಲಿ ತಂಡಗಳ ಲೆಕ್ಕ ಬರೆದು ಇಟ್ಟುಕೊಳ್ಳುತ್ತೇನೆ. ವಿಲಿಯಮ್ಸ್ ಪುಟದಲ್ಲಿ ಮೊದಲ ಸಾಲಾಗಿ 1977, ಸ್ಪೇನ್ ಅಂತ ಬರೆದಿದ್ದೆ. ಮೊನ್ನೆ ಅದರ ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಇಕ್ಕಟ್ಟಿನಲ್ಲೇ ಬರೆದೆ: 1969, ಮೊನಾಕೊ, ಪಿಯರ್ಸ್ ಕರೇಜ್, ಎರಡು.