ನೀರು ಬಿಡುವ ಹೊತ್ತು

ಕೇಳುಗರಿಗೆ ನಮಸ್ಕಾರ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಸರ್ವೆಗೆ ಬಂದವರು ಕೇಳುತ್ತಾರೆ. ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಕೂಲಿಗೆ ಹೋಗುವವರ ಪ್ರಶ್ನೆ. ಬೆಳಗ್ಗೆ ಆರಕ್ಕೆ ಬಂದರೆ ಕೊಡ ತುಂಬಿಸಿ, ಹಸುವಿಗೆ ಕುಡಿಸಿ, ಡೇರಿಗೆ ಹಾಲು ಹಾಕಿ ಎಂಟಕ್ಕೆ ಹೊರಡಬಹುದು. ಹತ್ತಕ್ಕೆ ಬಂದರೆ ಅವತ್ತಿನ ಕೂಲಿ ಹೋಯಿತು. ಹೆಚ್ಚಾಗಿ ಹೋಗುವುದು ಹೆಂಗಸರ ಕೂಲಿಯೇ.

ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದೆ. ಸಾವಿರ ಜನರ ಊರಿಗೆ 55,000 ಲೀಟರ್. ಬೋರು ಗಂಟೆಗೆ 5,000 ಲೀಟರ್ ಕೊಟ್ಟರೆ 11 ಗಂಟೆ ಮೋಟಾರ್ ಓಡಬೇಕು. ಈ ಲೆಕ್ಕದಲ್ಲಿ ದನಗಳಿಲ್ಲ! ಕರೆಯುವ ಸೀಮೆಹಸು ಬೇಸಿಗೆಯಲ್ಲಿ 60ರಿಂದ 80 ಲೀಟರ್ ಕುಡಿಯುತ್ತದೆ. ಊರಲ್ಲಿ ನೂರು ಹಸುಗಳಿದ್ದರೆ ಇನ್ನೂ ಒಂದೂವರೆ ಗಂಟೆ ಬೇಕು. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆ ಓಣಿಗೆ ಹೋಗುವ ಹೊತ್ತಿಗೆ ಟ್ಯಾಂಕ್ ಖಾಲಿ.

ಆಗ ಕೊನೆ ಮನೆಯವರು ನಲ್ಲಿಗೇ ಮೋಟಾರ್ ಹಾಕಿ ಎಳೆಯುತ್ತಾರೆ. ಪೈಪಿನ ಒಳಗೆ ಒತ್ತಡ ಕುಸಿದು, ಎಲ್ಲಿ ಬಿರುಕಿದೆಯೋ ಅಲ್ಲಿಂದ ಚರಂಡಿ ನೀರು ನುಗ್ಗುತ್ತದೆ. ಮೋಟಾರ್ ಕಿತ್ತುಕೊಂಡರೆ ಜಗಳವೇ ಹೊರತು ನೀರಲ್ಲ. ತಗ್ಗಿನ ಓಣಿಯ ವಾಲ್ವ್ ಮುಚ್ಚಿ ದಿಬ್ಬದ ಓಣಿಗೆ ಮೊದಲು ಬಿಡಬೇಕು, ದನದ ತೊಟ್ಟಿಯನ್ನು ಮನೆಗಳ ಸರದಿ ಮುಗಿದ ಮೇಲೆ ತುಂಬಿಸಬೇಕು.

ಇನ್ನು ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಸುಮಾರು 4 ಗ್ರಾಂ, ಅಂದರೆ 50,000 ಲೀಟರ್ ಟ್ಯಾಂಕಿಗೆ 200 ಗ್ರಾಂ. ಪುಡಿಯನ್ನೇ ಸುರಿಯಬೇಡಿ, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರು ಮಾತ್ರ ಹಾಕಿ, ಅರ್ಧ ಗಂಟೆ ಬಿಟ್ಟು ವಾಲ್ವ್ ತೆಗೆಯಿರಿ. ಕೊನೆ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಾಯಿ ಬಿಟ್ಟ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಪುಡಿಗೆ ಶಕ್ತಿ ಇರುವುದಿಲ್ಲ.

ಬೋರಿನ ಮೋಟಾರ್ ಸುಡುವುದು ಬಹುಪಾಲು ಎರಡೇ ಕಾರಣಕ್ಕೆ: ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋಗಿರುತ್ತದೆ, ಇಲ್ಲವೇ ಬೋರಿನಲ್ಲಿ ನೀರಿಳಿದು ಮೋಟಾರ್ ಒಣಗಿ ಓಡಿರುತ್ತದೆ. ಆಗ ತಾನಾಗಿ ಕರೆಂಟು ಕಡಿದು ಎರಡನ್ನೂ ತಡೆಯುವ ರಿಲೇ ಎಂಬ ಸಾಧನ ಸ್ಟಾರ್ಟರಿನಲ್ಲೇ ಕೂರುತ್ತದೆ. ಅದು ಪದೇಪದೇ ಟ್ರಿಪ್ ಆಗುತ್ತದೆಂದು ವೈರ್ ಜೋಡಿಸಿ ಬೈಪಾಸ್ ಮಾಡುತ್ತಾರೆ ನೋಡಿ, ಕೆಡುವುದು ಅಲ್ಲಿಂದಲೇ. ಮೋಟಾರ್ ಎತ್ತಿ, ರೀವೈಂಡ್ ಮಾಡಿಸಿ ಇಳಿಸುವಷ್ಟು ಹಣ ನೀರಿನ ಕರದ ಖಾತೆಯಲ್ಲಿ ಸದಾ ಇರಲಿ. ಸುಟ್ಟ ಮೇಲೆ ಮನೆಮನೆ ತಿರುಗಿ ಎತ್ತಲು ಹೊರಟರೆ ವಾರ ಹಿಡಿಯುತ್ತದೆ. ಅಷ್ಟು ದಿನ ಹಾಲೂ ಇಳಿಯುತ್ತದೆ.

ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂಬ ನಿಯಮವಿದೆ. ನೀರು ಬಿಡುವ ಹೊತ್ತನ್ನು ಅವರೇ ಗೊತ್ತು ಮಾಡಲಿ. ನೀರುಗಂಟಿ ಅದನ್ನು ಡೇರಿಯ ಗೋಡೆಯ ಮೇಲೆ ಬರೆಯಲಿ. ಕರೆಂಟು ಹೋಗಿ ಬಂದರೆ ಮೊದಲು ಯಾವ ಓಣಿ ಎಂಬುದನ್ನೂ ಅಲ್ಲೇ ಬರೆದಿಡಲಿ. ನಮಸ್ಕಾರ.